ಇಳಿತಕ್ಕೆ ಇಳಿದವರು ಇಪ್ಪತ್ತೇಳು ಮಂದಿ

ಆ ಮನೆಯವರು ಎಲ್ಲಿಗಾದರೂ ಒಟ್ಟಿಗೆ ಹೊರಟರೆ ಚಪ್ಪಲಿ ಮೆಟ್ಟಿದ ಕೂಡಲೇ ಗೇಟು ದಾಟುವಂತಿರಲಿಲ್ಲ. ಯಜಮಾನ ಬಾಗಿಲಿಗೆ ಬೀಗ ಹಾಕಬೇಕು, ಬೀಗವನ್ನು ಎರಡು ಸಲ ಜಗ್ಗಿ ನೋಡಬೇಕು, ಆಮೇಲೆ ತುಟಿ ಅಲ್ಲಾಡಿಸುತ್ತ ಎಲ್ಲರ ತಲೆ ಎಣಿಸಬೇಕು. ಮನೆಯಲ್ಲಿದ್ದದ್ದೇ ಮೂರು ಜನ: ಅವನು, ಹೆಂಡತಿ, ಮಗಳು. ಮೂರೇ ಜನವಾದರೂ ಎಣಿಕೆ ತಪ್ಪುತ್ತಿರಲಿಲ್ಲ.

“ನಾವೇನು ಕುರಿಮಂದೆನಾ?” ಎಂದು ಹೆಂಡತಿ ಹತ್ತು ವರ್ಷ ಕೇಳಿದಳು. ಮುಂದಿನ ಹತ್ತು ವರ್ಷ ಕೇಳುವುದನ್ನು ಬಿಟ್ಟು, ಅವನು ಎಣಿಸಿ ಮುಗಿಸುವವರೆಗೆ ಗೇಟಿಗೆ ಒರಗಿ ನಿಂತು ಬಳೆ ಸರಿಮಾಡಿಕೊಳ್ಳುತ್ತಿದ್ದಳು.

ಅವನು ಶಾಲೆಯ ವ್ಯಾನ್ ಡ್ರೈವರ್. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಬೆಳಿಗ್ಗೆ ಮಕ್ಕಳನ್ನು ಇಳಿಸಿ, ವ್ಯಾನನ್ನು ಶೆಡ್ಡಿನ ಹೊರಗೆ ನಿಲ್ಲಿಸಿ, ಬೀಗ ಹಾಕಿಕೊಂಡು ತಿಂಡಿಗೆ ಹೋದ. ಕೊನೆಯ ಸೀಟಿನಿಂದ ಕೆಳಗೆ ಜಾರಿ ನಿದ್ದೆಹೋಗಿದ್ದ ಐದು ವರ್ಷದ ಹುಡುಗಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬಿಸಿಲೇರಿತು. ಎರಡೂವರೆ ಗಂಟೆ ಕಳೆದ ಮೇಲೆ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಗಾಜಿನ ಮೇಲೆ ಪುಟ್ಟ ಕೈಯೊಂದನ್ನು ಕಂಡು ಸ್ಪ್ಯಾನರ್‌ನಿಂದ ಗಾಜು ಒಡೆದ. ಮಗು ಎರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡಿತು. ಮಗುವಿನ ತಂದೆ ಬೈಯಲಿಲ್ಲ, ಕೈಯೆತ್ತಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ನಿಂತು, “ಇಳಿಸುವಾಗ ನೀವು ಎಣಿಸಲ್ವಾ?” ಎಂದಷ್ಟೇ ಕೇಳಿದ.

ಆವತ್ತಿನಿಂದ ಅವನು ಎಣಿಸದ ದಿನವಿಲ್ಲ. ವ್ಯಾನಿನಲ್ಲಿ ಹತ್ತಿಸುವಾಗ ಒಮ್ಮೆ, ಇಳಿಸುವಾಗ ಒಮ್ಮೆ, ಆಮೇಲೆ ಹಿಂದಿನವರೆಗೆ ನಡೆದುಹೋಗಿ ಪ್ರತಿ ಸೀಟನ್ನೂ ಕೈಯಿಂದ ಸವರಿ ಇನ್ನೊಮ್ಮೆ. ಹೆಂಡತಿಯ ತಮ್ಮ, ಆ ಬಾಯಿಬಡುಕ ಪ್ಲಂಬರ್, ಅವನಿಗೆ ‘ತಲೆಲೆಕ್ಕ’ ಎಂದು ಹೆಸರಿಟ್ಟ. ಹೆಸರು ಇಡೀ ಬಳಗಕ್ಕೆ ಹಬ್ಬಿತು. ಐದು ವರ್ಷದ ಹಿಂದೆ ಒಂದು ಮದುವೆಯಲ್ಲಿ “ಒಂದು ಮಗು ಕಡಿಮೆ ಇದೆ!” ಎಂದು ಅವನು ಕೂಗಿ, ಸಂಗೀತ ನಿಲ್ಲಿಸಿ, ಗೇಟು ಮುಚ್ಚಿಸಿ, ನೂರಾರು ಜನರನ್ನು ಊಟದೆಲೆಯಿಂದ ಎಬ್ಬಿಸಿದ್ದ. ಕೊನೆಗೆ ಗೊತ್ತಾದದ್ದು ಏನೆಂದರೆ, ಅವನು ಮೊದಲು ಎಣಿಸಿದ ಮಗು ಆ ಮದುವೆಯದ್ದೇ ಅಲ್ಲ, ಎದುರುಮನೆಯದು, ಆಡುತ್ತ ಒಳಗೆ ಬಂದು ಆಡುತ್ತಲೇ ಹೊರಗೆ ಹೋಗಿತ್ತು. ಹೆಂಡತಿ ಮೂರು ದಿನ ಮಾತಾಡಲಿಲ್ಲ. ಅಲ್ಲಿಂದ ಮುಂದೆ ಜನರ ನಡುವೆ ಅವನು ತುಟಿ ಬಿಗಿಹಿಡಿದು ಎಣಿಸುವುದನ್ನು ಕಲಿತ.

ಅವನ ಅತ್ತೆಗೆ ಸಮುದ್ರವೆಂದರೆ ಪ್ರಾಣ. ವರ್ಷಕ್ಕೊಂದು ಸಲ, ನೀರು ಎಲ್ಲಕ್ಕಿಂತ ಹೆಚ್ಚು ಹಿಂದೆ ಸರಿಯುವ ದಿನ ನೋಡಿ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಕಪ್ಪೆಚಿಪ್ಪು ಅಗೆಯಲು ಹೋಗುತ್ತಿದ್ದರು. ಹನ್ನೊಂದು ವರ್ಷ ಡ್ರೈವರ್ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದ. ಬ್ರೇಕ್ ನೋಡಿಸಬೇಕು, ಹಲ್ಲುನೋವು, ಆಯಿಲ್ ಬದಲಿಸಬೇಕು. ಈ ವರ್ಷ ಮಗಳು ಬಿಡಲಿಲ್ಲ.

“ಅಪ್ಪಾ, ಅಜ್ಜಿಗೆ ಮಂಡಿ ಬಗ್ಗಲ್ಲ. ಬಸ್ಸಲ್ಲಿ ಕರ್ಕೊಂಡು ಹೋಗೋಕಾಗಲ್ಲ. ಶಾಲೆಯವರನ್ನ ಕೇಳಿ ವ್ಯಾನ್ ತಗೊಂಡು ನೀವೇ ಬನ್ನಿ. ಮುಂದಿನ ವರ್ಷ ಅಜ್ಜಿ ಬರ್ತಾರೋ ಇಲ್ವೋ.”

ಅತ್ತೆಯ ಹೆಸರು ತೆಗೆದರೆ ಅವನ ನೆಪಗಳು ನಡೆಯುವುದಿಲ್ಲ. ಆಸ್ಪತ್ರೆಯ ದಿನಗಳಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ಅವನ ಮುಂದೆ ತಟ್ಟೆ ಇಟ್ಟು “ತಿನ್ನಿ, ಹಸಿದ ಹೊಟ್ಟೇಲಿ ಅತ್ತರೆ ಯಾರಿಗೂ ಲಾಭ ಇಲ್ಲ” ಎಂದಿದ್ದವರು ಅವರೊಬ್ಬರೇ. ಒಪ್ಪಿಕೊಂಡ. ಪತ್ರಿಕೆಯಿಂದ ಉಬ್ಬರವಿಳಿತದ ಸಮಯ ಬರೆದುಕೊಂಡ: ಹನ್ನೊಂದು ಇಪ್ಪತ್ತಕ್ಕೆ ಪೂರ್ತಿ ಇಳಿತ. ಬರೆದ ಚೀಟಿ ಒದ್ದೆಯಾದರೆ ಎಂದು ಇನ್ನೊಂದು ಚೀಟಿ ಬರೆದು ಮಗಳ ಕೈಗೆ ಕೊಟ್ಟ.

ಹೊರಟವರು ಎಂಟು ಜನ. ಡ್ರೈವರ್, ಹೆಂಡತಿ, ಮಗಳು, ಅತ್ತೆ, ಪ್ಲಂಬರ್ ಬಾಮೈದ, ಬಾಮೈದನ ಹೆಂಡತಿ, ಅವರ ಏಳು ವರ್ಷದ ಅವಳಿ ಹೆಣ್ಣುಮಕ್ಕಳು. ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ಹಿಂದೆ ನೋಡಿದ್ದೇ ನೋಡಿದ್ದು.

“ಭಾವ, ಓಡೋ ವ್ಯಾನಿಂದ ಯಾರೂ ಇಳಿದು ಹೋಗಲ್ಲ. ರಸ್ತೆ ನೋಡಿ,” ಎಂದ ಬಾಮೈದ.

ದಡಕ್ಕೆ ಒಂದು ಉದ್ದನೆಯ ಕಲ್ಲಿನ ತಡೆಗೋಡೆ. ಗೋಡೆಯಲ್ಲೊಂದು ಕಡೆ ಮೆಟ್ಟಿಲು. ಮೆಟ್ಟಿಲಿಳಿದರೆ ಇಪ್ಪತ್ತು ಮಾರು ಒದ್ದೆ ಮರಳು, ಆಮೇಲೆ ಅಡ್ಡಕ್ಕೆ ಹರಿಯುವ ಒಂದು ತೋಡು, ತೋಡಿನಾಚೆ ಕಣ್ಣು ಹಾಯುವಷ್ಟು ದೂರ ಬಯಲಾಗಿ ಬಿದ್ದ ಸಮುದ್ರದ ತಳ. ಮೆಟ್ಟಿಲ ಪಕ್ಕದಲ್ಲಿ ಮಗುಚಿಟ್ಟ ಚಪ್ಪಟೆ ದೋಣಿಯೊಂದರ ಬಿರುಕಿಗೆ ಟಾರು ಬಳಿಯುತ್ತ ಒಬ್ಬ ದೋಣಿ ರಿಪೇರಿಯವನು ಕೂತಿದ್ದ. ಡ್ರೈವರ್ ನೇರ ಅವನ ಹತ್ತಿರ ಹೋದ.

“ಯಜಮಾನ್ರೇ, ನೀರು ಎಷ್ಟೊತ್ತಿಗೆ ತಿರುಗತ್ತೆ?”

“ತಿರುಗೋ ಹೊತ್ತಿಗೆ ತಿರುಗತ್ತೆ,” ಎಂದ ರಿಪೇರಿಯವನು ಕುಂಚದಿಂದ ಕಣ್ಣೆತ್ತದೆ. ಡ್ರೈವರ್ ಅಲ್ಲೇ ನಿಂತಿರುವುದು ಕಂಡು ಸ್ವಲ್ಪ ಕರಗಿದ. “ನೋಡಿ, ಎದುರಿಂದ ಬರೋ ನೀರಿಗೆ ಹೆದರಬೇಡಿ, ಅದು ಕಾಣತ್ತೆ. ನಿಮ್ಮ ಬೆನ್ನ ಹಿಂದೆ ಈ ತೋಡು ತುಂಬತ್ತಲ್ಲ, ಅದು ಕಾಣಲ್ಲ. ಈಗ ಮೊಣಕಾಲುದ್ದ ಇದೆ. ಇಳಿತ ಮುಗಿದು ಒಂದು ಗಂಟೆ ಆದ್ರೆ ಸೊಂಟ. ಇನ್ನರ್ಧ ಗಂಟೆಗೆ ಕುತ್ತಿಗೆ.”

“ದಾಟೋಕೆ ಬೇರೆ ದಾರಿ?”

“ಇಲ್ಲ. ಆ ಕಡೆ ಬಂಡೆ, ಈ ಕಡೆ ಕೆಸರು. ದಾಟೋದು ಇಲ್ಲೊಂದೇ ಕಡೆ, ಆ ಎರಡು ಗೂಟದ ಮಧ್ಯೆ.”

ಡ್ರೈವರ್‌ಗೆ ಈಜು ಬರುತ್ತಿರಲಿಲ್ಲ. ಆದರೂ ಅವನೇ ಮೊದಲು ತೋಡಿಗಿಳಿದು ನಡುವೆ ಗಟ್ಟಿಯಾಗಿ ನಿಂತು, ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ದಾಟಿಸಿದ. ಅಷ್ಟರಲ್ಲಿ ಬೇರೆ ಬೇರೆ ಮನೆಯವರು ಬಕೆಟ್ಟು, ಗುದ್ದಲಿ, ಮರಳು ಕೆದಕುವ ಕೈಮುಳ್ಳು ಹಿಡಿದು ಬಂದರು. ನೀರಲ್ಲಿ ನಿಂತವನು ಕೈ ಚಾಚಿದ್ದು ಕಂಡು ಅವರೂ ಹಿಡಿದುಕೊಂಡೇ ದಾಟಿದರು. ವ್ಯಾನಿನಿಂದ ಮಕ್ಕಳನ್ನು ಇಳಿಸಿದ ಹಾಗೆ ಅವನು ಎಲ್ಲರನ್ನೂ ದಾಟಿಸಿದ. ಬೇಕೆಂದಲ್ಲ, ಬಾಯಿಗೆ ಬಂದ ಎಂಜಲು ನುಂಗಿದಷ್ಟೇ ಸಲೀಸಾಗಿ ಎಣಿಕೆಯೂ ನಡೆದುಹೋಯಿತು. ತಾನೂ ಸೇರಿ ಇಪ್ಪತ್ತೇಳು.

ಬಯಲಲ್ಲಿ ಅತ್ತೆ ಹದಿನಾರರ ಹುಡುಗಿಯಾಗಿಬಿಟ್ಟರು. ಮಡಚುವ ಸ್ಟೂಲಿನ ಮೇಲೆ ಕೂತು ಕೋಲಿನಿಂದಲೇ ಆಳ್ವಿಕೆ ನಡೆಸಿದರು. “ಅಲ್ಲಿ, ಎರಡು ತೂತು ಕಾಣ್ತಿದೆ ನೋಡು, ಸೂಜಿ ಚುಚ್ಚಿದ ಹಾಗೆ. ಅದರ ಕೆಳಗಿದೆ. ಪಕ್ಕದಿಂದ ಅಗಿ. ಮೇಲಿಂದ ಗುದ್ದಿದ್ರೆ ಚಿಪ್ಪು ಒಡೆಯತ್ತೆ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಿದ್ರೆ ವಾಪಸ್ ಹಾಕು, ಅದಕ್ಕೂ ಅಮ್ಮ ಇದಾಳೆ.” ಅವಳಿಗಳು ತೂತಿನಿಂದ ಚಿಮ್ಮಿದ ನೀರು ಮುಖಕ್ಕೆ ಬಡಿದು ಕಿರುಚಿ ನಕ್ಕರು. ಹೆಂಡತಿ ಮೊಣಕೈವರೆಗೆ ಮರಳಲ್ಲಿ ಕೈಯಿಟ್ಟು, ನಗುತ್ತ ಮಗಳ ಜೊತೆ ಪಂದ್ಯ ಕಟ್ಟಿದಳು. ಅವಳು ಹಾಗೆ ನಕ್ಕದ್ದನ್ನು ಡ್ರೈವರ್ ನೋಡಿ ಎಷ್ಟೋ ಕಾಲವಾಗಿತ್ತು.

ಅವನು ಮಾತ್ರ ಒಂದು ಚಿಪ್ಪನ್ನೂ ಅಗೆಯಲಿಲ್ಲ. ನೀರಿನಂಚಿಗೆ ಒಂದು ಕಡ್ಡಿ ನೆಟ್ಟ. ಐದು ನಿಮಿಷಕ್ಕೊಮ್ಮೆ ಹೋಗಿ ನೋಡಿ ಬಂದ. ತೋಡಿನ ಹತ್ತಿರ ಇನ್ನೊಂದು ಕಡ್ಡಿ ನೆಟ್ಟ. ಎರಡು ಕಡ್ಡಿಗಳ ನಡುವೆ ಗಡಿಯಾರದ ಲೋಲಕದ ಹಾಗೆ ಓಡಾಡಿದ. ಹೋಗುವಾಗ ಎಂಟು, ಬರುವಾಗ ಎಂಟು.

“ರೀ, ಸ್ವಲ್ಪ ಕೂತ್ಕೊಳ್ಳಿ. ನಿಮ್ಮನ್ನ ನೋಡಿದ್ರೆ ನಮಗೇ ಸುಸ್ತಾಗತ್ತೆ,” ಎಂದಳು ಹೆಂಡತಿ.

“ಆಯ್ತು,” ಎಂದ. ಕೂರಲಿಲ್ಲ.

ಹನ್ನೆರಡು ಗಂಟೆಯ ಹೊತ್ತಿಗೆ ಸಮುದ್ರದ ಕಡೆಯ ಆಕಾಶ ಬಣ್ಣ ಕಳೆದುಕೊಂಡಿತು. ಮೊದಲು ದೂರದ ದೀಪಸ್ತಂಭದ ತಲೆ ಕಾಣದಾಯಿತು, ಆಮೇಲೆ ಅದರ ನಡು. ಮಂಜು ಬರುತ್ತಿದೆ ಎಂದು ಅವನಿಗೆ ತಿಳಿಯುವಷ್ಟರಲ್ಲಿ ದೂರದಲ್ಲಿ ಅಗೆಯುತ್ತಿದ್ದವರು ಬೂದಿ ಬಣ್ಣದ ನೆರಳುಗಳಾಗಿದ್ದರು. ತೋಡಿನ ಹತ್ತಿರದ ಕಡ್ಡಿ ಅರ್ಧ ಮುಳುಗಿತ್ತು.

“ಏಳಿ, ಹೊರಡಣ. ಎಲ್ರೂ ಏಳಿ!”

“ಇನ್ನೂ ಬಕೆಟ್ ಅರ್ಧ ಆಗಿಲ್ಲ ಭಾವ. ಈಗ ತಾನೇ ಒಳ್ಳೆ ಜಾಗ ಸಿಕ್ಕಿದೆ,” ಎಂದ ಬಾಮೈದ ತಲೆಯೆತ್ತದೆ. “ಹನ್ನೊಂದು ವರ್ಷಕ್ಕೆ ಒಂದ್ಸಲ ಬಂದಿದೀರಿ. ಬಂದ ದಿನವೇ ಪ್ರಳಯ ಆಗಲ್ಲ.”

“ಎದ್ದೇಳು ಅಂದ್ನಲ್ಲ!” ಅವನ ದನಿ ಒಡೆಯಿತು. ಅವಳಿಗಳಲ್ಲೊಬ್ಬಳು ಹೆದರಿ ಅಮ್ಮನ ಹಿಂದೆ ಸರಿದಳು. ಹೆಂಡತಿಯ ಮುಖದ ನಗು ಆರಿತು. ಆ ಮದುವೆಯ ದಿನ ಇದ್ದದ್ದು ಅದೇ ಮುಖ.

ಆಗ ಅತ್ತೆ ಮೂಗೆತ್ತಿ ಗಾಳಿ ಮೂಸಿದರು. ಸ್ಟೂಲು ಮಡಚಿ ಎದ್ದರು. “ಅಳಿಯಂದ್ರು ಹೇಳೋದು ಸರಿ. ಇದು ತೆಳ್ಳಗಿನ ಮಂಜಲ್ಲ. ನಡೀರಿ.”

ಅತ್ತೆ ಎದ್ದ ಮೇಲೆ ತಕರಾರಿಲ್ಲ. ಡ್ರೈವರ್ ಬಯಲುದ್ದಕ್ಕೂ ಓಡಾಡಿ “ತೋಡು ತುಂಬ್ತಿದೆ, ಹೊರಡಿ, ಹೊರಡಿ” ಎಂದು ಕೂಗಿದ. ಕೆಲವರು ಗೊಣಗಿದರು, ಕೆಲವರು ಥ್ಯಾಂಕ್ಸ್ ಎಂದರು, ಅಂತೂ ಬಂದರು. ತೋಡಿನಲ್ಲಿ ನೀರು ಆಗಲೇ ತೊಡೆ ಮುಟ್ಟಿತ್ತು, ಸೆಳೆತವೂ ಇತ್ತು. ಅವನು ಮತ್ತೆ ನಡುವೆ ನಿಂತ. ಅತ್ತೆಯನ್ನು ಬಾಮೈದ ಬೆನ್ನ ಮೇಲೆ ಹೊತ್ತು ದಾಟಿಸಿದ. ಒಬ್ಬೊಬ್ಬರ ಕೈಯೂ ತಣ್ಣಗೆ ಅವನ ಕೈಯೊಳಗೆ ಬಂದು ಹೋಯಿತು. ಕೊನೆಯವನು ದಾಟಿದ ಮೇಲೆ ಅವನು ದಡಕ್ಕೆ ಬಂದು ಮೆಟ್ಟಿಲ ಬುಡದಲ್ಲಿ ನಿಂತ.

ಇಪ್ಪತ್ತಾರು.

ಮೆಟ್ಟಿಲೇರುತ್ತಿದ್ದವರನ್ನು, ಗೋಡೆಯ ಮೇಲೆ ಕೂತು ಕಾಲಿನ ಕೆಸರು ಒರೆಸುತ್ತಿದ್ದವರನ್ನು ಇನ್ನೊಮ್ಮೆ ಎಣಿಸಿದ. ಇಪ್ಪತ್ತಾರು. ತನ್ನನ್ನು ಬಿಟ್ಟೆನೇನೋ ಎಂದು ಎದೆ ಮುಟ್ಟಿಕೊಂಡು ಎಣಿಸಿದ. ಆಗಲೂ ಇಪ್ಪತ್ತಾರು.

“ಒಬ್ಬರು ಕಡಿಮೆ ಇದಾರೆ,” ಎಂದ.

ಹೆಂಡತಿ ಕಣ್ಣು ಮುಚ್ಚಿದಳು. “ರೀ. ಎಂಟೂ ಜನ ಇಲ್ಲೇ ಇದೀವಲ್ಲ.”

“ನಮ್ಮವರಲ್ಲ. ಒಟ್ಟು. ಹೋದವರು ಇಪ್ಪತ್ತೇಳು, ಬಂದವರು ಇಪ್ಪತ್ತಾರು.”

“ಊರವರ ತಲೇನೂ ಎಣಿಸಿದ್ರಾ ಭಾವ?” ಬಾಮೈದ ನಗಲು ನೋಡಿದ. “ಹಕ್ಕಿಗಳು ಎಷ್ಟಿದ್ವು, ಅದನ್ನೂ ಹೇಳಿಬಿಡಿ.”

ಡ್ರೈವರ್ ಒಂದೊಂದು ಗುಂಪಿನ ಹತ್ತಿರವೂ ಹೋಗಿ ಕೇಳಿದ. “ನಿಮ್ಮವರೆಲ್ಲ ಬಂದ್ರಾ? ಸರಿಯಾಗಿ ನೋಡಿ.” ಬಂದಿದ್ದಾರೆ ಎಂದರು. ಎಲ್ಲ ಮನೆಯವರೂ ಅದನ್ನೇ ಹೇಳಿದರು. ಒಬ್ಬ ದಪ್ಪ ಮನುಷ್ಯ, “ನಮ್ಮ ಮಕ್ಕಳನ್ನ ನೋಡ್ಕೊಳ್ಳೋದು ನಮಗೆ ಗೊತ್ತು ಸ್ವಾಮಿ” ಎಂದು ಬೆನ್ನು ತಿರುಗಿಸಿದ. ಯಾರೂ ಯಾರನ್ನೂ ಕಳೆದುಕೊಂಡಿರಲಿಲ್ಲ. ಹಾಗಿದ್ದರೆ ಅವನ ಎಣಿಕೆಯೇ ತಪ್ಪು.

ತಪ್ಪಿರಬಹುದು. ಮದುವೆಯಲ್ಲಿ ತಪ್ಪಿರಲಿಲ್ಲವೇ? ಅವನು ಗೋಡೆಗೆ ಕೈಯೂರಿ ನಿಂತ. ತೋಡಿನ ನೀರು ಗೂಟಗಳ ಸುತ್ತ ಸುಳಿಯುವ ಸದ್ದು ಕೇಳುತ್ತಿತ್ತು. ತಪ್ಪಿದ್ದರೆ ಇನ್ನೊಂದು ಸಲ ನಗೆಪಾಟಲು, ಅಷ್ಟೇ. ಸರಿಯಿದ್ದರೆ? ದೋಣಿ ರಿಪೇರಿಯವನನ್ನು ಕೇಳಿದ. “ಯಾರಾದ್ರೂ ಬೇಗ ವಾಪಸ್ ಬಂದ್ರಾ? ನಾವು ಆ ಕಡೆ ಇದ್ದಾಗ?”

“ಒಂದು ನಾಯಿ ಬಂತು. ಮನುಷ್ಯರು ಯಾರೂ ಇಲ್ಲ. ಬಂದಿದ್ರೆ ನನ್ನ ಟಾರಿನ ಡಬ್ಬ ದಾಟೇ ಹೋಗ್ಬೇಕು.”

ಡ್ರೈವರ್ ಕಣ್ಣು ಮುಚ್ಚಿದ. ವ್ಯಾನಿನಲ್ಲಿ ಸೀಟು ಸೀಟಾಗಿ ನೆನೆಯುವಂತೆ ಬೆಳಿಗ್ಗೆ ದಾಟಿದ ಕೈಗಳನ್ನು ಒಂದೊಂದಾಗಿ ನೆನೆದ. ಅತ್ತೆಯ ಗಂಟುಗಂಟಾದ ಬೆರಳು. ಅವಳಿಗಳ ಕೈ. ದಪ್ಪ ಮನುಷ್ಯನ ಉಂಗುರ. ಮುದುಕ ದಂಪತಿ. ಬಲೆ ಹೊತ್ತ ಇಬ್ಬರು ಅಣ್ಣತಮ್ಮಂದಿರು. ಅವರ ಹಿಂದೆ ಒಂದು ಒರಟು ಕೈ, ಹೆಂಗಸಿನದು, ಹೆಬ್ಬೆರಳಿಗೆ ಒಣಗಿದ ಅಂಟು ಮೆತ್ತಿತ್ತು. ನೀಲಿ ಚೌಕಳಿಯ ತಲೆವಸ್ತ್ರ. ಬಕೆಟ್ಟಿರಲಿಲ್ಲ, ಬಕೆಟ್ಟಿನ ಬದಲು ಖಾಲಿ ಬಣ್ಣದ ಡಬ್ಬ.

“ಬಣ್ಣದ ಡಬ್ಬ ಹಿಡ್ಕೊಂಡಿದ್ದವರು ಯಾರು? ನೀಲಿ ತಲೆವಸ್ತ್ರ?”

ದೊಡ್ಡವರು ಮುಖ ಮುಖ ನೋಡಿಕೊಂಡರು. ಆದರೆ ಅವಳಿಗಳು ಒಟ್ಟಿಗೇ ಬಾಯಿಬಿಟ್ಟರು. “ಡಬ್ಬದ ಆಂಟಿ! ಮಾವ, ನಮಗೆ ದೊಡ್ಡ ಚಿಪ್ಪು ಕೊಟ್ಟರಲ್ಲ, ಅವರು!”

“ಎಲ್ಲಿ ಹೋದ್ರು ಪುಟ್ಟಿ?”

“ಆ ಕಡೆ.” ಒಬ್ಬಳು ಕೆಸರಿದ್ದ ದಿಕ್ಕಿಗೆ ಬೆರಳು ತೋರಿಸಿದಳು. “ಅಲ್ಲಿ ಇನ್ನೂ ದೊಡ್ಡದು ಸಿಗತ್ತೆ ಅಂದ್ರು.”

ಬಾಮೈದನ ಮುಖದ ನಗು ಅಳಿಸಿಹೋಯಿತು. ಯಾರ ಜೊತೆಯೂ ಬಾರದವಳು, ಹಾಗಾಗಿ ಯಾರ ಲೆಕ್ಕಕ್ಕೂ ಸಿಗದವಳು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ದೋಣಿ ರಿಪೇರಿಯವನು ಒದ್ದೆ ಟಾರಿನ ದೋಣಿಯನ್ನು ಬಿಟ್ಟು, ಪಕ್ಕದಲ್ಲಿದ್ದ ಇನ್ನೊಂದು ಚಪ್ಪಟೆ ದೋಣಿಯ ಹಗ್ಗ ಬಿಚ್ಚಿ ತೋಡಿನ ನೀರಿಗೆ ಎಳೆದ. “ಮೂರು ಜನಕ್ಕಿಂತ ಹೆಚ್ಚು ಹಿಡಿಯಲ್ಲ. ವಾಪಸ್ ಬರುವಾಗ ನಾಲ್ಕಾಗತ್ತೆ. ದೇವರಿದಾನೆ.” ಬಾಮೈದ ಮರದ ಹಲಗೆಯೊಂದನ್ನು ಎತ್ತಿಕೊಂಡು ಹತ್ತಿದ. ಡ್ರೈವರ್ ಒಂದು ಕಾಲಿಟ್ಟಾಗ ಹೆಂಡತಿ ಅವನ ತೋಳು ಹಿಡಿದಳು.

“ನಿಮಗೆ ಈಜು ಬರಲ್ಲ.”

“ಗೊತ್ತು.”

“ಬೇರೆಯವರು ಹೋಗ್ಲಿ. ಇಷ್ಟು ಜನ ಇಲ್ವಾ?”

“ಅವರ ಮುಖ ನೋಡಿದವನು ನಾನೊಬ್ಬನೇ,” ಎಂದ. ಅದು ನಿಜವಾದ ಕಾರಣವಲ್ಲ ಎಂದು ಅವಳಿಗೂ ಗೊತ್ತಿತ್ತು. ತೋಳು ಬಿಟ್ಟಳು. ಅವನು ವ್ಯಾನಿನ ಕೀಲಿಯನ್ನು ಮಗಳತ್ತ ಎಸೆದ. “ಹತ್ತು ಎಣಿಸು, ಹಾರ್ನ್ ಹೊಡಿ. ಮತ್ತೆ ಹತ್ತು ಎಣಿಸು, ಹಾರ್ನ್ ಹೊಡಿ. ನಿಲ್ಲಿಸಬೇಡ. ಇಲ್ದಿದ್ರೆ ಮಂಜಲ್ಲಿ ನಮಗೆ ದಡ ಯಾವ ಕಡೆ ಅಂತ ಗೊತ್ತಾಗಲ್ಲ.”

ಇಪ್ಪತ್ತು ಮಾರು ಹೋಗುವಷ್ಟರಲ್ಲಿ ದಡ ಮಾಯ. ಮೇಲೆ ಬಿಳಿ, ಕೆಳಗೆ ಬೂದಿ, ನಡುವೆ ದೋಣಿ ತಳ್ಳುವ ಜಲ್ಲೆ ನೀರಿಗೆ ಬೀಳುವ ಸದ್ದು. ಹಿಂದಿನಿಂದ ಹಾರ್ನ್ ಬರುತ್ತಿತ್ತು, ದಿನವೂ ಮಕ್ಕಳ ಮನೆ ಮುಂದೆ ಅವನೇ ಹೊಡೆಯುವ ಹಾರ್ನು, ಆದರೆ ಮಂಜಿನಲ್ಲಿ ಅದು ಯಾರದೋ ಅಳುವಿನಂತೆ ಕೇಳಿತು. ಡ್ರೈವರ್ ಎರಡೂ ಕೈಯಿಂದ ದೋಣಿಯಂಚು ಹಿಡಿದಿದ್ದ. ಕೂಗಲು ಬಾಯಿ ತೆರೆದ, ಏನೆಂದು ಕೂಗುವುದು? ಹೆಸರು ಗೊತ್ತಿಲ್ಲ.

“ಡಬ್ಬದಮ್ಮಾ!” ಎಂದು ಕೂಗಿದ. “ಡಬ್ಬದಮ್ಮಾ, ಎಲ್ಲಿದೀರಿ?”

ಬೇರೆ ದಿನವಾಗಿದ್ದರೆ ಬಾಮೈದ ಅದಕ್ಕೆ ಒಂದು ವಾರ ನಗುತ್ತಿದ್ದ. ಈಗ ಅವನೂ ಸೇರಿ ಕೂಗಿದ. ಕೂಗುವುದು, ಉಸಿರು ಹಿಡಿದು ಕೇಳುವುದು. ಏನಿಲ್ಲ. ಮತ್ತೆ ಕೂಗುವುದು. ನೀರು ಜಲ್ಲೆಯ ಮೇಲೆ ಗೇಣು ಗೇಣಾಗಿ ಏರುತ್ತಿರುವುದನ್ನು ರಿಪೇರಿಯವನು ನೋಡಿದ, ಇನ್ನೂ ಜೋರಾಗಿ ತಳ್ಳಿದ. ಡ್ರೈವರ್‌ಗೆ ಒಂದೇ ಯೋಚನೆ: ಇಲ್ಲಿ ಯಾರೂ ಇಲ್ಲದಿದ್ದರೆ? ಮಕ್ಕಳ ಮಾತು ಕೇಳಿ, ಹೆಂಡತಿಯ ತಮ್ಮನನ್ನೂ ಒಬ್ಬ ಅಪರಿಚಿತನನ್ನೂ ನೀರಿಗೆ ಎಳೆದು ತಂದಿದ್ದರೆ?

ಮೊದಲು ಕೇಳಿಸಿದ್ದು ರಿಪೇರಿಯವನಿಗೆ. ಅವನು ಕೈಯೆತ್ತಿದ. ಟಣ್. ಸ್ವಲ್ಪ ಹೊತ್ತು ಏನಿಲ್ಲ. ಟಣ್, ಟಣ್.

“ತಗಡು,” ಎಂದ ಬಾಮೈದ ಪಿಸುದನಿಯಲ್ಲಿ.

ಅವಳು ಸೊಂಟದವರೆಗೆ ನೀರಲ್ಲಿದ್ದಳು, ನೀರಿನ ಕೆಳಗೆ ತೊಡೆಯವರೆಗೆ ಕೆಸರಲ್ಲಿ. ತಲೆವಸ್ತ್ರ ಜಾರಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಎದೆಗವಚಿಕೊಂಡ ಡಬ್ಬಕ್ಕೆ ಕೈಮುಳ್ಳಿನಿಂದ ಬಡಿಯುತ್ತಿದ್ದಳು. ಗಂಟಲು ಯಾವಾಗಲೋ ಕಟ್ಟಿಹೋಗಿತ್ತು. ದೋಣಿ ಕಂಡ ಮೇಲೂ ಬಡಿಯುವುದನ್ನು ನಿಲ್ಲಿಸಲಿಲ್ಲ. ಡ್ರೈವರ್ ಬಗ್ಗಿ ಅವಳ ಮಣಿಕಟ್ಟು ಹಿಡಿದಾಗಲೇ ಕೈ ನಿಂತದ್ದು.

“ಎಳೀಬೇಡಿ!” ಎಂದು ಗದರಿದ ರಿಪೇರಿಯವನು. “ಎಳೆದ್ರೆ ಕೆಸರು ಇನ್ನೂ ಬಿಗಿ ಹಿಡಿಯತ್ತೆ. ಅಮ್ಮಾ, ಮುಂದಕ್ಕೆ ಬಾಗಿ, ಹಲಗೆ ತಬ್ಬಿಕೊಳ್ಳಿ.”

ಬಾಮೈದ ಅಷ್ಟರಲ್ಲಿ ನೀರಿಗಿಳಿದು ಹಲಗೆಯ ಮೇಲೆ ಬೋರಲು ಬಿದ್ದಿದ್ದ. ತೋಳನ್ನು ಭುಜದವರೆಗೆ ಕೆಸರಿಗೆ ತೂರಿ ಅವಳ ಕಾಲಿನ ಪಕ್ಕ ತಡಕಿದ. “ಕಟ್ಟಿಕೊಂಡ ಪೈಪಿಗೂ ಇದಕ್ಕೂ ವ್ಯತ್ಯಾಸ ಇಲ್ಲ,” ಎಂದ ಏದುಸಿರು ಬಿಡುತ್ತ. “ನೀರು ಒಳಗೆ ನುಗ್ಗೋಕೆ ಒಂದು ಸಂದಿ ಸಾಕು. ಅಮ್ಮಾ, ಹಿಮ್ಮಡಿ ಅಲ್ಲಾಡಿಸಿ. ಸ್ವಲ್ಪ. ಇನ್ನೂ ಸ್ವಲ್ಪ.”

ಎಷ್ಟು ಹೊತ್ತಾಯಿತೋ. ನೀರು ಅವಳ ಎದೆಗೆ ಬಂತು. ಡ್ರೈವರ್ ಎರಡು ಕೈಯಿಂದ ಅವಳ ಕಂಕುಳು ಹಿಡಿದಿದ್ದ, ದೋಣಿ ವಾಲಿ ಅವನ ಮುಖವೂ ನೀರಿಗೆ ಹತ್ತಿರವಾಗಿತ್ತು. ಅವಳ ಉಸಿರು ಅವನ ಕೆನ್ನೆಗೆ ತಾಗುತ್ತಿತ್ತು. “ಬಿಡಬೇಡಿ,” ಎಂದಳು, ದನಿಯಿಲ್ಲದ ಗಂಟಲಿನಲ್ಲಿ. “ಬಿಡಲ್ಲ,” ಎಂದ. ಆ ಎರಡು ಮಾತನ್ನೇ ಇಬ್ಬರೂ ಎಷ್ಟೋ ಸಲ ಹೇಳಿದರು. ಕೊನೆಗೆ ಕೆಳಗೆ ಪಚಕ್ಕೆಂದು ಒಂದು ಸದ್ದಾಗಿ ಎಡಗಾಲು ಬಂತು. ಬಲಗಾಲು ಬಂದಾಗ ಬೂಟು ಕೆಸರಿನ ಪಾಲಾಯಿತು.

ನಾಲ್ಕು ಜನರ ಭಾರಕ್ಕೆ ದೋಣಿಯಂಚು ನೀರಿಗಿಂತ ನಾಲ್ಕು ಬೆರಳು ಮೇಲಿತ್ತು, ಅಷ್ಟೇ. ಯಾರೂ ಅಲ್ಲಾಡಲಿಲ್ಲ. ಹಾರ್ನ್ ಕೇಳಿದ ಕಡೆಗೆ ರಿಪೇರಿಯವನು ಜಲ್ಲೆ ಹಾಕಿದ. ಒಮ್ಮೆ ಹಾರ್ನ್ ತಡವಾಯಿತು. ಎಲ್ಲರೂ ಉಸಿರು ಹಿಡಿದರು. ಮತ್ತೆ ಬಂತು. ಆಮೇಲೆ ತಿಳಿದದ್ದು, ಮಗಳಿಗೆ ಅಳು ಬಂದು ಎಣಿಕೆ ತಪ್ಪಿತ್ತಂತೆ.

ದಡದಲ್ಲಿ ಅವಳನ್ನು ವ್ಯಾನಿನೊಳಗೆ ಕೂರಿಸಿ, ಇದ್ದಬದ್ದ ಟವೆಲ್ಲು, ಶಾಲು ಎಲ್ಲ ಸುತ್ತಿದರು. ಬೆನ್ನು ತಿರುಗಿಸಿದ್ದ ದಪ್ಪ ಮನುಷ್ಯ ತನ್ನ ಫ್ಲಾಸ್ಕಿನ ಬಿಸಿ ಚಹಾ ತಂದುಕೊಟ್ಟ. ಡ್ರೈವರ್ ಫೋನ್ ಹಿಡಿದು ಅವಳ ಮುಂದೆ ಕೂತ.

“ಮನೇಲಿ ಯಾರಿಗೆ ಹೇಳಬೇಕಮ್ಮಾ? ನಂಬರ್ ಹೇಳಿ.”

ಅವಳು ಲೋಟದೊಳಗೆ ನೋಡಿದಳು. “ಯಾರಿಗೂ ಬೇಡ.”

“ಗಾಬರಿಯಾಗಿರ್ತಾರೆ.”

“ಗಾಬರಿಯಾಗೋರು ಯಾರೂ ಇಲ್ಲ.” ಚಹಾ ಮುಗಿಸಿ ತಾನೇ ಹೇಳಿದಳು. ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರ್ ಅವಳು. ಒಂದು ಕೋಣೆ, ಕೆಳಗೆ ಅಂಗಡಿ, ಮೇಲೆ ಅವಳು. “ನಾಳೆ ಮಧ್ಯಾಹ್ನ ಒಬ್ಬರು ಪುಸ್ತಕ ತಗೊಂಡು ಹೋಗೋಕೆ ಬರ್ತಾರೆ. ಬಾಗಿಲು ಮುಚ್ಚಿದ್ರೆ ಅವರು ನಾಡಿದ್ದು ಬರ್ತಾರೆ.”

ಡ್ರೈವರ್ ಫೋನ್ ಜೇಬಿಗೆ ಹಾಕಿದ. ಹೊರಗೆ ಬಂದು ವ್ಯಾನಿನ ಚಕ್ರಕ್ಕೆ ಒರಗಿ ಕೂತವನಿಗೆ ತಡೆಯಲಾರದಷ್ಟು ಅಳು ಬಂತು. ಹೆಂಡತಿ ಪಕ್ಕದಲ್ಲಿ ಕೂತಳು. ಅವನ ಒದ್ದೆ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ತಮ್ಮನ ಚೀಲದಲ್ಲಿದ್ದ ಒಣ ಅಂಗಿ ತಂದು ತೊಡಿಸಿದಳು.

ಬೈಂಡರಮ್ಮ ಆವತ್ತು ಧನ್ಯವಾದ ಹೇಳಲಿಲ್ಲ. ಅವಳ ಬೀದಿಯಲ್ಲಿ ಇಳಿಸಿದಾಗ, “ಹೊಸ ಬೂಟು, ಹಾಳಾಯ್ತು” ಎಂದು ಮೆಟ್ಟಿಲೇರಿ ಹೋದಳು. ನಾಚಿಕೆಯಾದವರು ಹಾಗೇ, ಎಂದರು ಅತ್ತೆ.

ಡ್ರೈವರ್‌ಗೆ ಮೂರು ದಿನ ಜ್ವರ ಬಂತು. ಎಣಿಸುವ ಚಟ ಹೋಯಿತೇ ಎಂದರೆ, ಇಲ್ಲ. ಜ್ವರದಲ್ಲೂ ಏನನ್ನೋ ಎಣಿಸುತ್ತಿದ್ದ ಎಂದು ಮಗಳು ಹೇಳಿದಳು. ಬಾಮೈದ ಒಂದು ತಿಂಗಳು ಅವನನ್ನು ‘ತಲೆಲೆಕ್ಕ’ ಎನ್ನಲಿಲ್ಲ. ಆಮೇಲೆ ನಾಲಿಗೆ ತಡೆಯದೆ ಮತ್ತೆ ಶುರುಮಾಡಿದ. ಡ್ರೈವರ್‌ಗೆ ಅದರಿಂದ ಬೇಸರವಾಗಲಿಲ್ಲ, ಬದಲಿಗೆ ಎಲ್ಲ ಮೊದಲಿನಂತಾಯಿತು ಎಂದು ಸಮಾಧಾನವೇ ಆಯಿತು.

ಐದನೇ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಬೈಂಡರಮ್ಮ ಒಂದು ಚೀಲ ಕಿತ್ತಳೆ ಹಿಡಿದು ನಿಂತಿದ್ದಳು. ಶಾಲೆಯ ಹೆಸರು ವ್ಯಾನಿನ ಮೇಲಿತ್ತಂತೆ, ಅಲ್ಲಿ ಕೇಳಿ ವಿಳಾಸ ಹುಡುಕಿದಳಂತೆ. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಹೆಂಡತಿ ಕೊಟ್ಟ ನೀರು ಕುಡಿದಳು. ಭಾನುವಾರದ ಊಟಕ್ಕೆ ಬಂದಿದ್ದ ಅತ್ತೆ ಕೇಳಿದರು. “ಅಲ್ಲಮ್ಮಾ, ಆ ಕೆಸರಿನ ಕಡೆ ಯಾಕೆ ಹೋದೆ? ಅಲ್ಲಿ ಚಿಪ್ಪೇ ಇರಲ್ಲ.”

“ಇರತ್ತೆ,” ಎಂದಳು ಬೈಂಡರಮ್ಮ. “ದೊಡ್ಡವು ಅಲ್ಲೇ ಇರೋದು.”

“ನಲವತ್ತು ವರ್ಷದಿಂದ ಹೋಗ್ತಿದೀನಿ ನಾನು.”

“ಹದಿನೈದು ವರ್ಷದಿಂದ ಹೋಗ್ತಿದೀನಿ ನಾನೂ. ಆದ್ರೆ ಕೆಸರಿನ ಅಂಚಲ್ಲಿ ಅಗೆದು ನೋಡಿದೀನಿ. ನೀವು ನೋಡಿದೀರಾ?”

ಅತ್ತೆ ಲೋಟದ ನೀರಿಗೆ ಬೆರಳದ್ದಿ ಮೇಜಿನ ಮೇಲೆ ತೋಡು ಬರೆದರು, ಬಯಲು ಬರೆದರು. ಬೈಂಡರಮ್ಮ ಕುರ್ಚಿಯನ್ನು ಮುಂದಕ್ಕೆಳೆದು, ಅಂಗೈಯಿಂದ ಬಯಲನ್ನು ಒರೆಸಿ, ಬೇರೆ ಕಡೆ ಬರೆದಳು. ಇಬ್ಬರ ದನಿಯೂ ಏರಿತು. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿ, ಇದು ಬೇಗ ಮುಗಿಯುವ ಜಗಳವಲ್ಲ ಎಂದುಕೊಂಡು, ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕಿದಳು. ಡ್ರೈವರ್ ಕಿತ್ತಳೆ ಸುಲಿಯುತ್ತ ಮೇಜಿನ ಮೇಲಿನ ಒದ್ದೆ ಗೆರೆಗಳನ್ನು ನೋಡುತ್ತಿದ್ದ. ಅವನಿಗೆ ಇಬ್ಬರದೂ ಸರಿಯೆನಿಸಿತು.